ಮೂರು ಪಂಕ್ತಿಗೆ ಆರು ಹಾಡು

ಶಾಮಿಯಾನದ ಯಜಮಾನರು ನಡೆಯುವಾಗ ಅವರ ತುಟಿಗಳು ಅಲ್ಲಾಡುತ್ತಿದ್ದವು. ಹೊಸಬರು ನೋಡಿದರೆ ಏನೋ ಜಪ ಮಾಡುತ್ತಿದ್ದಾರೆ ಅಂದುಕೊಳ್ಳಬೇಕು. ಜಪವೂ ಇಲ್ಲ, ತಪವೂ ಇಲ್ಲ, ಅವರು ಹೆಜ್ಜೆ ಎಣಿಸುತ್ತಿದ್ದರು. ಅವರ ಒಂದು ಹೆಜ್ಜೆ ಅಂದರೆ ಸರಿಯಾಗಿ ಎರಡೂವರೆ ಅಡಿ. ಟೇಪು ಹಿಡಿದು ಅಳೆದವರು ಅವರ ಲೆಕ್ಕದಲ್ಲಿ ಒಂದು ಗೇಣು ತಪ್ಪು ಕಂಡುಹಿಡಿದದ್ದನ್ನು ನಾನು ನೋಡಿಲ್ಲ. ಅಂಗಡಿಯಿಂದ ಎದುರಿನ ಹೋಟೆಲಿಗೆ ಕಾಫಿ ಕುಡಿಯಲು ಹೋಗುವಾಗಲೂ ತುಟಿ ಎಣಿಸುತ್ತಲೇ ಇರುತ್ತಿತ್ತು. ಎಡಗೈ ಹೆಬ್ಬೆರಳಿನ ಉಗುರು ಗೂಟ ಹೊಡೆಯುವ ಸುತ್ತಿಗೆ ಬಿದ್ದು ಬಿದ್ದು ಹುಣಸೆ ಬೀಜದ ಬಣ್ಣಕ್ಕೆ ತಿರುಗಿತ್ತು.

ಹುಣಸೂರಿನಲ್ಲಿ ಅವರಿಗೆ ಶಾಮಿಯಾನ, ಕುರ್ಚಿ, ಅಡಿಗೆ ಪಾತ್ರೆ, ಸೌಂಡ್ ಸೆಟ್ಟು ಬಾಡಿಗೆಗೆ ಕೊಡುವ ಅಂಗಡಿ ಇತ್ತು. ಅದರ ಜೊತೆಗೆ ನಮ್ಮ ಆರ್ಕೆಸ್ಟ್ರಾವೂ ಅವರದೇ. ಆರ್ಕೆಸ್ಟ್ರಾ ಅಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಒಂದು ಕೀಬೋರ್ಡು, ಒಂದು ರಿದಂ ಪ್ಯಾಡು, ಒಂದು ತಬಲ, ಒಂದು ಗಂಡು ಕಂಠ, ಒಂದು ಹೆಣ್ಣು ಕಂಠ. ಆ ಹೆಣ್ಣು ಕಂಠ ನಾನು. ಸಿನಿಮಾ ಹಾಡುಗಳನ್ನು ಹಾಡುವುದು ನಮ್ಮ ಕೆಲಸ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ನಾಮಕರಣ, ಎಲ್ಲಿ ಗೃಹಪ್ರವೇಶ, ಎಲ್ಲಿ ಬೀಗರ ಊಟ ಇದೆಯೋ ಅಲ್ಲಿಗೆ ಶಾಮಿಯಾನದ ಗಾಡಿಯ ಹಿಂದೆ ನಾವೂ ಹೋಗುತ್ತಿದ್ದೆವು.

ಯಾವ ಹಾಡು ಹಾಡಬೇಕು ಎಂದು ತೀರ್ಮಾನಿಸುತ್ತಿದ್ದವರು ಯಜಮಾನರು. ಇದರಲ್ಲಿ ಒಂದು ತಮಾಷೆ ಇತ್ತು. ಅವರಿಗೆ ಸಂಗೀತ ಅಷ್ಟಿಷ್ಟಲ್ಲ, ಪೂರ್ತಿ ಬಾರದು. ಶ್ರುತಿ ಯಾವುದು, ಅಪಶ್ರುತಿ ಯಾವುದು ಎಂದು ತಿಳಿಯದ ಕಿವಿ. ಹಾಡಿನ ಮೊದಲ ಸಾಲೂ ನೆನಪಿರುತ್ತಿರಲಿಲ್ಲ. ಅದಕ್ಕೆ ತಮ್ಮದೇ ಹೆಸರಿಟ್ಟುಕೊಂಡಿದ್ದರು. ‘ಬಸ್ಸಿನ ಹಾಡು’, ‘ಅತ್ತೆ ಹಾಡು’, ‘ಎಲೆ ಎತ್ಸೋ ಹಾಡು’, ‘ಮುದ್ದೆ ಬೇಯೋ ಹಾಡು’. ಕಾರ್ಯಕ್ರಮದ ಹಿಂದಿನ ದಿನ ಆ ಮನೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬಾಲ್ ಪೆನ್ನಿನಲ್ಲಿ ಇದೇ ಹೆಸರುಗಳನ್ನು ಬರೆದು ನಮ್ಮ ಕೈಗೆ ಕೊಡುತ್ತಿದ್ದರು. ನಾನು ಸೇರಿದ ಹೊಸತರಲ್ಲಿ ಆ ಪಟ್ಟಿ ಓದಿ ಇದು ಹಾಡಿನದೋ ಅಡಿಗೆಯದೋ ಎಂದು ಕೇಳಿದ್ದೆ.

ಆಮೇಲೆ ಅರ್ಥವಾಯಿತು. ಬೀಗರ ಊಟದಲ್ಲಿ ಜನ ಹಾಡು ಕೇಳಲು ಬರುವುದಿಲ್ಲ, ಬಾಡೂಟಕ್ಕೆ ಬರುತ್ತಾರೆ. ಒಂದು ಪಂಕ್ತಿ ಕೂತಿರುತ್ತದೆ, ಇನ್ನೊಂದು ಪಂಕ್ತಿ ಅವರ ಬೆನ್ನ ಹಿಂದೆಯೇ ನಿಂತಿರುತ್ತದೆ. ಮುದ್ದೆ ಇನ್ನೂ ಆಗಿಲ್ಲ ಎಂದರೆ ಜನರನ್ನು ಕುರ್ಚಿಯ ಮೇಲೆ ಕೂರಿಸಿಡಬೇಕು, ಅದಕ್ಕೆ ಉದ್ದದ, ನಿಧಾನದ ಹಾಡು. ಊಟ ಮುಗಿದರೂ ಎಲೆ ಮುಂದೆ ಕೂತು ಹರಟುವವರನ್ನು ಎಬ್ಬಿಸಬೇಕು, ಅದಕ್ಕೆ ಕುಣಿಯುವ ಹಾಡು. ಅಡಿಗೆ ಭಟ್ಟರು ಒಲೆಯ ಹತ್ತಿರದಿಂದ ಸೌಟು ಎತ್ತಿ ತೋರಿಸಿದರೆ ಯಜಮಾನರು ನಮಗೆ ಬೆರಳು ತೋರಿಸುವರು. ಎರಡು ಬೆರಳು ಅಂದರೆ ಪಟ್ಟಿಯ ಎರಡನೆಯದು. ಎಷ್ಟೋ ಮನೆಯವರು ‘ನಿಮ್ಮ ಊಟ ಬಹಳ ಸಾಂಗವಾಗಿ ನಡೀತು’ ಎಂದು ಭಟ್ಟರನ್ನು ಹೊಗಳುತ್ತಿದ್ದರು. ಅದರಲ್ಲಿ ಅರ್ಧ ನಮ್ಮದು ಎಂದು ಅವರಿಗೆ ಗೊತ್ತಿರಲಿಲ್ಲ.

ಪಟ್ಟಿ ಬರೆಯುವ ಮೊದಲು ಯಜಮಾನರು ಆ ಮನೆಗೆ ಹೋಗಿ ಅಂಗಳ ಅಳೆಯುತ್ತಿದ್ದರು. ಕೆಲಸದವರನ್ನು ಕಳಿಸಿದರೆ ಆಗುತ್ತಿತ್ತು, ಆದರೆ ಕಳಿಸುತ್ತಿರಲಿಲ್ಲ. ಹೆಜ್ಜೆ ಹಾಕುತ್ತಾ, ನೀರು ಕೇಳುತ್ತಾ, ಒಲೆ ಎಲ್ಲಿ ಹೂಡುತ್ತೀರಿ ಎಂದು ಹೆಂಗಸರನ್ನು ವಿಚಾರಿಸುತ್ತಾ ಮನೆಯ ಒಳಸುದ್ದಿಯನ್ನೆಲ್ಲ ತಿಳಿದುಕೊಂಡು ಬರುತ್ತಿದ್ದರು. ಆ ಮನೆಯಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ, ಯಾರು ಈಚೆಗೆ ತೀರಿಕೊಂಡಿದ್ದಾರೆ, ಯಾವ ಚಿಕ್ಕಪ್ಪನಿಗೆ ಗುಂಡು ಹಾಕಿದರೆ ವೇದಿಕೆ ಹತ್ತುವ ಚಾಳಿ ಇದೆ, ಎಲ್ಲವೂ ಅವರಿಗೆ ಗೊತ್ತು. ‘ಹಾಡೋ ಹಾಡು ಯಾವನಾದ್ರೂ ಬರ್ಕೊಡ್ತನೆ. ಹಾಡ್ಬಾರದ್ದು ಯಾವ್ದು ಅಂತ ಮೊದ್ಲು ತಿಳ್ಕೋಬೇಕು ಕಣ್ರಲಾ’ ಎನ್ನುತ್ತಿದ್ದರು.

ಅವರ ಮಾತು ಮೀರಿ ನಾನು ಒಮ್ಮೆ ಕೆಟ್ಟೆ. ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿ, ಗಂಡಿನ ಮನೆಯಲ್ಲಿ ಬೀಗರ ಊಟ. ಮದುವೆಯಾಗಿ ನಾಲ್ಕನೆಯ ದಿನ. ಹೆಣ್ಣಿನ ಕಡೆಯವರು ಎರಡು ಬಸ್ಸಿನಲ್ಲಿ ಬಂದಿಳಿದಿದ್ದರು. ಯಾರೋ ಒಂದು ಚೀಟಿ ಕಳಿಸಿದರು, ತವರು ಬಿಟ್ಟು ಹೋಗುವ ಹೆಣ್ಣುಮಗಳ ಹಾಡು ಬೇಕಂತೆ. ಪಟ್ಟಿಯಲ್ಲಿ ಅದು ಇರಲಿಲ್ಲ. ಆದರೆ ಆ ಹಾಡು ನನ್ನ ಗಂಟಲಿಗೆ ಹೇಳಿಮಾಡಿಸಿದ್ದು, ನನಗೆ ಹೆಸರು ತಂದದ್ದೇ ಅದು. ಕೀಬೋರ್ಡಿನವನ ಕಡೆ ನೋಡಿ ಕಣ್ಣು ಹೊಡೆದೆ, ಶುರು ಮಾಡಿದೆವು.

ಎರಡನೆಯ ಚರಣಕ್ಕೆ ಬರುವ ಹೊತ್ತಿಗೆ ಹುಡುಗಿಯ ತಾಯಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅವರನ್ನು ನೋಡಿ ಹುಡುಗಿ ಅತ್ತಳು. ಹುಡುಗಿಯನ್ನು ನೋಡಿ ಚಿಕ್ಕಮ್ಮಂದಿರು, ಸೋದರತ್ತೆಯರು, ಎರಡು ಬಸ್ಸಿನ ಹೆಂಗಸರೂ ಗೊಳೋ ಎಂದರು. ನನಗೆ ಒಳಗೊಳಗೇ ಹೆಮ್ಮೆ, ನೋಡು ಹೇಗೆ ಅಳಿಸಿದೆ ಎಂದು. ಅತ್ತ ಎಲೆ ಹಾಕಿದೆ, ಬಾಡು ಬಡಿಸಿದೆ, ಊಟಕ್ಕೆ ಕೂರುವವರಿಲ್ಲ. ಗಂಡಿನ ತಾಯಿ ಸೊಂಟಕ್ಕೆ ಕೈಕೊಟ್ಟು ಬಂದು ನಿಂತರು. ‘ನಾಕ್ ದಿನದಲ್ಲಿ ನಮ್ಮನೇಲಿ ನಿಮ್ ಮಗೀಗೆ ಅದೇನ್ ಕಷ್ಟ ಕೊಟ್ಟಿದ್ದೀವಿ ಅಂತ ಇಂಗ್ ಅಳ್ತಿದ್ದೀರಿ? ಜನ ಏನಂದ್ಕೊಂಡಾರು?’ ಎಂದರು. ಹೆಣ್ಣಿನ ಕಡೆಯ ಒಬ್ಬರು ಅದಕ್ಕೆ ಏನೋ ಅಂದರು. ಇವರು ಇನ್ನೇನೋ ಅಂದರು.

ತಕ್ಷಣ ಮೈಕು ಸತ್ತಿತು. ಯಜಮಾನರು ಹಿಂದೆ ಹೋಗಿ ಜನರೇಟರ್ ಆರಿಸಿದ್ದರು. ಆಮೇಲೆ ಏನೂ ಅರಿಯದವರ ಹಾಗೆ ಶಾಮಿಯಾನದ ನಡುವೆ ಬಂದು ನಿಂತು, ‘ಡೀಜಲ್ ಮುಗ್ದೋಯ್ತು, ತರಾಕ್ ಕಳ್ಸಿದ್ದೀನಿ. ಅಲ್ಲೀಗಂಟ ಏಳಿ ಏಳಿ, ಎಲೆ ಹಾಕವ್ರೆ, ಬಾಡು ಆರೋಯ್ತದೆ’ ಎಂದು ಕೂಗಿದರು. ಆರಿದ ಬಾಡು ಯಾರಿಗೂ ಬೇಡ. ಜನ ಎದ್ದರು, ಜಗಳ ಅಲ್ಲಿಗೇ ಕರಗಿತು.

ನನ್ನನ್ನು ಬೈಯುತ್ತಾರೆ ಎಂದು ಕಾದಿದ್ದೆ. ಗಾಡಿಗೆ ಸಾಮಾನು ಹೇರುವಾಗ ಅಂದರು, ‘ತವರಿನ ಹಾಡ್ನ ಮದ್ವೆ ದಿನ ಹೆಣ್ಣೊಪ್ಸುವಾಗ ಹಾಡವ್ವ, ಎಷ್ಟಾದ್ರೂ ಅಳ್ಸು. ಗಂಡಿನ್ ಮನೆ ಅಂಗಳದಲ್ಲಿ ನಿಂತ್ಕೊಂಡ್ ಹಾಡುದ್ರೆ ಅವ್ರ ಮೇಲೆ ದೂರು ಕೊಟ್ಟಂಗೆ ಆಯ್ತದೆ.’ ಅಷ್ಟೇ. ಅಂದಿನಿಂದ ನಾನು ಅವರ ಪಟ್ಟಿ ಮೀರಲಿಲ್ಲ.

ಇನ್ನು ನನ್ನ ವಿಷಯ ಹೇಳಬೇಕು, ಇಲ್ಲದಿದ್ದರೆ ಇದೆಲ್ಲ ಬರೆದೂ ಪ್ರಯೋಜನವಿಲ್ಲ. ನಾನು ಕಟ್ಟೆಮಳಲವಾಡಿಯವಳು. ಓದಿದ್ದು ಹತ್ತನೆಯ ತರಗತಿ. ಮದುವೆಯಾಗಿ ಹುಣಸೂರಿಗೆ ಬಂದೆ. ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ. ಹೊಗೆಸೊಪ್ಪಿನ ಕಾಲದಲ್ಲಿ ಎಲೆ ವಿಂಗಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಮನೆಯಲ್ಲಿ ನಾನು ಸೊಸೆ, ಕೆಲಸದಲ್ಲಿ ಹತ್ತರಲ್ಲಿ ಒಬ್ಬಳು. ಮೈಕು ಹಿಡಿದಾಗ ಮಾತ್ರ ನಾನು ನಾನೇ ಅನ್ನಿಸುತ್ತಿತ್ತು. ನನ್ನದು ಅಂತ ಹೇಳಿಕೊಳ್ಳಲು ಬೇರೆ ಏನೂ ಇರಲಿಲ್ಲ.

ಒಂದು ವರ್ಷ ಮಾಘ ಮಾಸಕ್ಕೆ ಮುಂಚೆ ನೆಗಡಿಯಲ್ಲೇ ಎರಡು ದಿನ ಎಡೆಬಿಡದೆ ಹಾಡಿದೆ. ಮೂರನೆಯ ದಿನ ದನಿ ಒಡೆಯಿತು. ಮಾತಾಡಲು ಬರುತ್ತಿತ್ತು, ಕೆಳಗಿನ ಸ್ವರವೂ ಬರುತ್ತಿತ್ತು, ಆದರೆ ಹಾಡು ಮೇಲಕ್ಕೆ ಏರಿದ ಕೂಡಲೇ ಬರೀ ಗಾಳಿ. ವಾರ ಕಳೆದರೂ ಸರಿಹೋಗಲಿಲ್ಲ. ಮೈಸೂರಿನಲ್ಲಿ ಗಂಟಲಿನ ಡಾಕ್ಟರಿಗೆ ತೋರಿಸಿದೆವು. ಗಂಟಲಲ್ಲಿ ಸಣ್ಣ ಗಂಟುಗಳಾಗಿವೆ, ಮೇಲಿನ ಸ್ವರಕ್ಕೆ ಒತ್ತಬೇಡಿ, ಕೆಲವು ತಿಂಗಳು ಬಿಟ್ಟು ಬನ್ನಿ, ಆಮೇಲೆ ನೋಡೋಣ ಎಂದರು. ದನಿ ಮೊದಲಿನ ಹಾಗೆ ಆಗುತ್ತದೆಯೇ ಎಂದು ಕೇಳಿದ್ದಕ್ಕೆ ಏನೂ ಹೇಳಲಾಗದು ಎಂದರು.

ಗಂಡನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಮುಂದೆ ಮದುವೆಗಳ ಕಾಲ. ಹಾಡಲಾರೆ ಎಂದರೆ ಬೇರೆಯವಳನ್ನು ಹಾಕಿಕೊಳ್ಳುತ್ತಾರೆ, ಬಿಟ್ಟ ಜಾಗ ಮತ್ತೆ ಸಿಗುವುದಿಲ್ಲ. ಕೀಬೋರ್ಡಿನವನಿಗೆ ಸ್ಕೇಲ್ ಇಳಿಸು ಅಂದರೆ ಏಕೆ ಅನ್ನುತ್ತಾನೆ, ಗುಟ್ಟು ಬಯಲಾಗುತ್ತದೆ. ಹಾಗಾಗಿ ಮೇಲಿನ ಸಾಲು ಬಂದಾಗ ಮೈಕು ದೂರ ಹಿಡಿಯುವುದು, ‘ಎಲ್ಲರೂ ಹಾಡಿ’ ಎಂದು ಜನರ ಕಡೆ ಕೈ ಚಾಚುವುದು, ಹೀಗೆ ಕಳ್ಳಾಟ ಶುರು ಮಾಡಿದೆ. ಮನೆಯಲ್ಲಿ ರಾತ್ರಿ ನಿದ್ದೆ ಇಲ್ಲ, ಹಗಲು ಹಸಿವಿಲ್ಲ. ಕೀಬೋರ್ಡಿನವನ ಕಿವಿ ಚುರುಕು. ‘ಅಕ್ಕ, ಯಾಕೋ ಮೇಲಕ್ಕೆ ಓಯ್ತಾನೇ ಇಲ್ವಲ್ಲಕ್ಕ’ ಎಂದು ಎರಡು ಸಲ ಅಂದ. ಮೂರನೆಯ ಸಲ ಅನ್ನಲಿಲ್ಲ. ಬದಲಿಗೆ ಕೆ.ಆರ್. ನಗರದಿಂದ ಒಬ್ಬಳು ಹುಡುಗಿಯನ್ನು ಕರೆಸಿ ಅಂಗಡಿಯ ಗೋಡೌನಿನಲ್ಲಿ ಹಾಡಿಸಿದ. ನಾನು ಅಲ್ಲೇ ಇದ್ದೆ. ಅವಳ ದನಿ ಮೇಲಕ್ಕೆ ಎಷ್ಟು ಸಲೀಸಾಗಿ ಹೋಯಿತೆಂದರೆ ನಾನೇ ಚಪ್ಪಾಳೆ ತಟ್ಟಿದೆ. ಬಚ್ಚಲಿಗೆ ಹೋಗಿ ಅತ್ತೆ.

ಆ ವಾರವೇ ಸಾಲಿಗ್ರಾಮದ ಬೀಗರ ಊಟದ ಪಟ್ಟಿ ಬಂತು. ಹನ್ನೆರಡು ಹದಿಮೂರು ಹಾಡು ಹಾಡುತ್ತಿದ್ದ ನನಗೆ ಅದರಲ್ಲಿ ಇದ್ದದ್ದು ಏಳು. ಏಳೂ ಹಳೆಯವು. ಫೋನಿನಲ್ಲಿ ಓಡುತ್ತಿರುವ ಹೊಸ ಹಾಡು ಒಂದೂ ಇಲ್ಲ. ಇದು ನನ್ನನ್ನು ತಂಡದಿಂದ ಬಿಡಿಸುವ ಮುನ್ಸೂಚನೆ, ಈ ಸಲ ಅರ್ಧ, ಮುಂದಿನ ಸಲ ಪೂರ್ತಿ ಅಂದುಕೊಂಡೆ. ಅತ್ತುಕೊಂಡು ಕೂರುವ ಬದಲು ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು. ಪಟ್ಟಿ ಹಿಡಿದುಕೊಂಡು ಸೀದಾ ಅಂಗಡಿಗೆ ಹೋದೆ.

ಯಜಮಾನರು ಹರಿದ ಶಾಮಿಯಾನದ ಬಟ್ಟೆ ಹರಡಿಕೊಂಡು ದಬ್ಬಳದಲ್ಲಿ ಹೊಲಿಯುತ್ತಿದ್ದರು.

‘ನನ್ನ ಬುಡುಸ್ತಿದ್ದೀರ ಯಜಮಾನ್ರೆ? ಬುಡ್ಸದಾದ್ರೆ ನೇರ ಹೇಳ್ಬುಡಿ, ಇಂಗೆ ಒಂದೊಂದೇ ಹಾಡು ಕಿತ್ಕೋಬೇಡಿ’ ಎಂದೆ.

ಅವರು ದಬ್ಬಳವನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದರು. ‘ಕೂತ್ಕೊ ಅವ್ವ. ಗಂಟ್ಲು ಯಾವಾಗಿಂದ ಇಂಗಾಗದೆ?’

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಕೀಬೋರ್ಡಿನವನು ಹೇಳಿದನಾ ಎಂದು ಕೇಳಿದೆ.

‘ಅವ್ನೂ ಹೇಳ್ದ. ಅವ್ನು ಹೇಳಾಕ್ ಮುಂಚೇನೇ ನಾನ್ ನೋಡಿದ್ದೆ. ಹಾಡು ತಪ್ಪುದ್ರೆ ನಂಗೆ ಗೊತ್ತಾಗಾಕಿಲ್ಲ ಕಣವ್ವ. ಹಾಡೋರು ಹೆದರ್ಕೊಂಡ್ರೆ ಗೊತ್ತಾಯ್ತದೆ. ಕೆಲವು ಹಾಡ್ನಾಗೆ ಒಂದ್ ಜಾಗ ಬಂದೇಟ್ಗೆ ನೀನು ಭುಜ ಎತ್ಕೊಂಡು ಕಾಲ್ಬೆಳ್ಳ ನೆಲುಕ್ಕೆ ಒತ್ತೀಯೆ. ಗಾಳಿಗೆ ಯಾವ ಕಂಬ ವಾಲ್ತದೆ ಅಂತ ದಿನಾ ನೋಡೋನಿಗೆ ಅಷ್ಟು ಕಾಣದಾ? ಎಲ್ಲೆಲ್ಲಿ ಹೆದರ್ತೀಯೋ ಆ ಹಾಡೆಲ್ಲ ತೆಗ್ದಾಕ್ದೆ. ಉಳಿದದ್ದು ಏಳು.’

ನಾನು ಮತ್ತೆ ಪಟ್ಟಿ ನೋಡಿದೆ. ಬಸ್ಸಿನ ಹಾಡು, ಅತ್ತೆ ಹಾಡು, ಮುದ್ದೆ ಬೇಯುವ ಹಾಡು, ಒಂದೊಂದನ್ನೂ ಮನಸ್ಸಿನಲ್ಲೇ ಗುನುಗಿ ನೋಡಿದೆ. ಎಲ್ಲವೂ ಕೆಳಗಿನ ಸ್ವರದವು. ಒಂದನ್ನು ಬಿಟ್ಟು.

‘ಇದು ಆಗಲ್ಲ, ಇದ್ರ ಚರಣ ಮೇಲಕ್ಕೆ ಓಯ್ತದೆ’ ಎಂದೆ. ಎಷ್ಟೋ ದಿನಗಳ ಮೇಲೆ ಇದು ನನಗೆ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದೆ. ಹೇಳಿದ ಮೇಲೆ ಎದೆಯ ಮೇಲಿನ ಬೀಸುವ ಕಲ್ಲು ಇಳಿಸಿದ ಹಾಗಾಯಿತು.

‘ಅದ್ರಲ್ಲಿ ನೀನು ಅಲ್ಲಾಡ್ತಾನೇ ಇರಲಿಲ್ವಲ್ಲ!’

‘ಅದನ್ನ ಹಾಡಿದ್ದು ಗಂಟ್ಲು ಕೆಡೋಕೆ ಮುಂಚೆ.’

‘ಓ’ ಎಂದು ನಕ್ಕು ಪೆನ್ನು ತೆಗೆದು ಗೀಚಿದರು. ‘ಅಂಗಾರೆ ಆರು.’

‘ಆರೇ ಆರು ಹಾಡಿಗೆ ಯಾರಾದ್ರೂ ಹಾಡೋಳ್ನ ಕರ್ಕೊಂಡ್ ಓಯ್ತಾರಾ?’

‘ಆರ್ ಹಾಡ್ಗೆ ಮೂರ್ ಪಂತಿ ಊಟ ಮಾಡುಸ್ತೀನಿ, ಬುಡು. ಪಂತಿಗೆ ಎಲ್ಡು. ಜನ ಕಿವಿ ಕೊಟ್ಟು ಕೇಳೋ ಒತ್ತಲ್ಲಿ ನೀನ್ ಹಾಡು. ಹೊಸಾ ಹಾಡೆಲ್ಲ ಊಟುದ್ ಮಧ್ಯ ನಿನ್ ಜೊತೆ ಹಾಡೋ ಹುಡ್ಗ ಕಿರುಚ್ಕೊಳ್ಳಿ. ಮೂಳೆ ಕಡಿಯೋವಾಗ ಯಾರ್ ಕೇಳ್ತಾರೆ?’

ಸಾಲಿಗ್ರಾಮದಲ್ಲಿ ಹಾಗೇ ನಡೆಯಿತು. ಮೊದಲ ಎರಡು ಹಾಡು ಸುಸೂತ್ರ. ಎರಡನೆಯ ಪಂಕ್ತಿ ಕೂರುವ ಮೊದಲು ಗಂಡಿನ ಸೋದರಮಾವ ಒಂದು ಚೀಟಿ ಹಿಡಿದು ವೇದಿಕೆಯ ಬಳಿ ಬಂದರು. ಅದರಲ್ಲಿದ್ದದ್ದು ಆ ವರ್ಷದ ಅತಿ ಎತ್ತರದ ಹಾಡು. ನನ್ನ ಹೆಸರು ಹಿಡಿದೇ ಬರೆದಿದ್ದರು. ಕೀಬೋರ್ಡಿನವನು ನನ್ನ ಮುಖ ನೋಡಿದ. ಮಾವನವರು ಹಾಡು ಶುರುವಾಗುವವರೆಗೆ ಕದಲುವ ಹಾಗೆ ಕಾಣಲಿಲ್ಲ.

ಯಜಮಾನರು ಎಲ್ಲಿದ್ದರೋ, ಬಂದರು. ಚೀಟಿಯ ಕಡೆ ನೋಡಲೇ ಇಲ್ಲ. ಮಾವನವರ ಮುಂದೆ ಕೈಮುಗಿದು, ‘ಸ್ವಾಮಿ, ನೀವು ಇಲ್ಲಿದ್ದೀರಾ? ಅಲ್ಲಿ ಬಾಡ್ಗೆ ಉಪ್ಪು ನೋಡೋರಿಲ್ಲ. ಮನೆ ದೊಡ್ಡೋರು ನೋಡ್ದೆ ಎಲ್ಡನೇ ಕೊಪ್ಪರಿಗೆ ಇಳ್ಸಕಿಲ್ಲ ಅಂತ ಭಟ್ಟರು ಹಟ ಹಿಡ್ದವ್ರೆ’ ಎಂದರು. ಉಪ್ಪು ನೋಡಲು ಕರೆಯುವುದು ಅಂದರೆ ಸಣ್ಣ ಮರ್ಯಾದೆಯಲ್ಲ. ಮಾವನವರು ಹೆಗಲ ಟವೆಲು ಸರಿಮಾಡಿಕೊಂಡು ಹೊರಟರು. ಉಪ್ಪು ನೋಡಲು ಹೋದವರು ಖಾರ ನೋಡಿದರು, ಹುಳಿ ನೋಡಿದರು, ನಾಲ್ಕು ತುಂಡು ಹೆಚ್ಚಾಗಿಯೇ ನೋಡಿದರು. ಚೀಟಿಯ ನೆನಪು ಅವರಿಗೆ ಮತ್ತೆ ಬರಲಿಲ್ಲ.

ನಾನು ನನ್ನ ಮೂರನೆಯ ಹಾಡು ಹಾಡಿದೆ. ತೊಟ್ಟಿಲು ತೂಗುವಂಥ, ತಗ್ಗಿನ ದನಿಯ ಹಾಡು ಅದು. ಮೊದಲೆಲ್ಲ ಇಂಥವನ್ನು ಬೇಗ ಮುಗಿಸಿ ದೊಡ್ಡ ಹಾಡಿಗೆ ಹೋಗೋಣ ಎಂಬ ಅವಸರ ಇರುತ್ತಿತ್ತು. ಅಂದು ಹೆದರಲು ಮುಂದೆ ಏನೂ ಇರಲಿಲ್ಲ. ಒಂದೊಂದು ಮಾತನ್ನೂ ನಿಂತು ಹಾಡಿದೆ. ಒಲೆಯ ಹತ್ತಿರವಿದ್ದ ಹೆಂಗಸರು ಕೈ ಒರೆಸಿಕೊಳ್ಳುತ್ತಾ ಬಂದು ಕುರ್ಚಿಗಳ ಹಿಂದೆ ನಿಂತರು. ಒಬ್ಬ ಅಜ್ಜಿ ಮುಂದೆಯೇ ಬಂದು, ‘ಇನ್ನೊಂದ್ ಕಿತ ಹೇಳು ಮಗ, ಊಟ ಎಲ್ಲೂ ಓಡೋಗಾಕಿಲ್ಲ’ ಎಂದರು. ಕೀಬೋರ್ಡಿನವನು ತಾನಾಗಿಯೇ ಮತ್ತೆ ಶುರು ಮಾಡಿದ. ಗಾಡಿ ಹತ್ತುವಾಗ, ‘ಅಕ್ಕ, ಈ ಹಾಡು ನಿಮ್ದೇ ಆಗೋಯ್ತು ಬುಡಿ’ ಎಂದ. ಆ ದಿನ ಮನೆಗೆ ಬಂದು ಎರಡು ಮುದ್ದೆ ಉಂಡೆ.

ಆ ಕಾಲದ ಮದುವೆಗಳೆಲ್ಲ ಹೀಗೇ ಮುಗಿದವು. ಆರು ಹಾಡು ಎಂಟಾದವು, ಮೇಲಕ್ಕೆ ಮಾತ್ರ ಹೋಗಲಿಲ್ಲ. ಯಜಮಾನರು ಪ್ರತಿ ಪಟ್ಟಿ ಬರೆಯುವ ಮೊದಲು, ‘ಈ ಸಲ ಎಷ್ಟವ್ವ?’ ಎಂದು ಕೇಳುವರು, ನಾನು ನಿಜ ಹೇಳುವೆ. ಕೆ.ಆರ್. ನಗರದ ಹುಡುಗಿಯನ್ನು ಯಜಮಾನರು ಸೇರಿಸಿಕೊಳ್ಳಲಿಲ್ಲ, ಅವಳಿಗೆ ಮೈಸೂರಿನ ದೊಡ್ಡ ತಂಡದಲ್ಲಿ ಅವಕಾಶ ಸಿಕ್ಕಿತು. ಹೋಗುವ ಮೊದಲು ನನಗೆ ಫೋನು ಮಾಡಿ ಹೇಳಿದಳು. ಮನಸಾರೆ ಖುಷಿಪಟ್ಟೆ. ಪೂರ್ತಿ ಮನಸಾರೆಯೇನಲ್ಲ, ಮುಕ್ಕಾಲು ಪಾಲು ಅನ್ನಿ.

ಆಷಾಢದಲ್ಲಿ ಮತ್ತೆ ಡಾಕ್ಟರ ಹತ್ತಿರ ಹೋದೆ. ಅವರು ಬಹಳ ಹೊತ್ತು ನೋಡಿ, ಗಂಟು ಕರಗಿದೆ, ನಿಧಾನವಾಗಿ ಎಲ್ಲ ಹಾಡು ಹಾಡಬಹುದು ಎಂದರು. ‘ಈ ಸೀಸನ್ನಿನಲ್ಲಿ ಹಟಕ್ಕೆ ಬಿದ್ದು ಮೇಲೆ ಹಾಡಿದ್ದರೆ ಆಪರೇಷನ್ನೇ ಆಗಬೇಕಿತ್ತು. ಆಮೇಲೆ ಈ ದನಿ ಉಳಿಯುತ್ತದೆ ಅಂತ ನಾನಂತೂ ಹೇಳುತ್ತಿರಲಿಲ್ಲ. ಒತ್ತಬೇಡಿ ಅಂದದ್ದನ್ನು ಪಾಲಿಸಿದ್ದೀರಿ, ಒಳ್ಳೆಯದಾಯಿತು’ ಎಂದರು. ಪಾಲಿಸಿದ್ದು ನಾನಲ್ಲ. ನನ್ನನ್ನು ನನ್ನ ಪಾಡಿಗೆ ಬಿಟ್ಟಿದ್ದರೆ ಬಿಡಿಸಿಬಿಡುತ್ತಾರೆಂಬ ಭಯಕ್ಕೇ ಗಂಟಲು ಹರಿಯುವ ತನಕ ಹಾಡುತ್ತಿದ್ದೆ. ಹುಣಸೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ನಕ್ಕೆ, ಅತ್ತೆ. ಪಕ್ಕದವರು ಜಾಗ ಬಿಟ್ಟು ಕೂತರು.

ಇಳಿದವಳೇ ಅಂಗಡಿಗೆ ಹೋಗಿ ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ನನ್ನ ಗಂಟಲು ಉಳಿಸಿದ್ದು ನೀವೇ ಎಂದು ಕಾಲಿಗೆ ಬೀಳಲು ಹೋದೆ. ಯಜಮಾನರು ಗಾಬರಿಯಾಗಿ ಎದ್ದು ನಿಂತರು.

‘ಏ, ಬುಡ್ತು ಅನ್ನು! ಗಂಟು ಗಿಂಟು ನಂಗೇನ್ ಗೊತ್ತಿತ್ತವ್ವ? ನಾಕ್ ಜನದ್ ಮುಂದೆ ನಿನ್ ಮರ್ವಾದೆ ಓಗ್ಬಾರ್ದು ಅಂತ ಮಾಡ್ದೆ. ಗಂಟ್ಲು ಉಳ್ಕಂಡಿದ್ದು ಅದ್ರ ಪಾಡ್ಗೆ. ಮಾಡ್ದೇ ಇದ್ದಿದ್ದ ನನ್ ತಲೆಗ್ ಕಟ್ಬೇಡ’ ಎಂದರು. ಅವರು ಹೇಳಿದ್ದು ನಿಜವೇ ಇರಬಹುದು. ಆದರೂ ಅಂದಿನಿಂದ ಇಂದಿನವರೆಗೆ ನಾನು ಹಾಡಿದ ಪ್ರತಿಯೊಂದು ಹಾಡೂ ಅವರದೇ ಎಂದು ನಾನು ತಿಳಿದಿದ್ದೇನೆ.

ಪಾರ್ಟಿ ಹಾಲುಗಳು ಬಂದ ಮೇಲೆ ಶಾಮಿಯಾನಕ್ಕೆ ಬೇಡಿಕೆ ಇಳಿಯಿತು. ಆರ್ಕೆಸ್ಟ್ರಾ ಮಾತ್ರ ನಡೆಯುತ್ತಿತ್ತು, ಕಡೆಯವರೆಗೂ ಪಟ್ಟಿ ಅವರೇ ಬರೆದರು. ಕಳೆದ ವರ್ಷ ಹತ್ತು ದಿನ ಮಲಗಿ ಹೋಗಿಬಿಟ್ಟರು. ತಿಥಿಯ ದಿನ ಅವರ ಹೆಂಡತಿ ನಮ್ಮನ್ನು ಕರೆದು, ‘ಊಟಕ್ ಮುಂಚೆ ಏನಾರ ಒಂದ್ ಹಾಡಿ. ಯಾವ್ದಾದ್ರೂ ಸರಿ’ ಎಂದರು. ನಾವು ಐದೂ ಜನ ಒಂದು ಮೂಲೆಯಲ್ಲಿ ಕೂತು ಯೋಚಿಸಿದೆವು. ದೇವರ ಹಾಡು ಎಂದು ಒಬ್ಬರು, ಜೀವನ ನಶ್ವರ ಎಂಬಂಥದ್ದು ಎಂದು ಇನ್ನೊಬ್ಬರು. ಕೊನೆಗೆ ಕೀಬೋರ್ಡಿನವನು ಸಾಲಿಗ್ರಾಮದಲ್ಲಿ ಹಾಡಿದ ಆ ತಗ್ಗಿನ ಹಾಡೇ ಇರಲಿ ಎಂದ.

ಅದರಲ್ಲಿ ಮೇಲಿನ ಸ್ವರ ಒಂದೂ ಇಲ್ಲ. ಮಗುವೂ ಹಾಡಬಹುದು. ಎರಡನೆಯ ಚರಣದಲ್ಲಿ, ತೀರ ಕೆಳಗಿನ ಸಾಲಿನಲ್ಲಿ, ನನ್ನ ದನಿ ಒಡೆಯಿತು. ಮೈಕು ದೂರ ಹಿಡಿಯಲಿಲ್ಲ. ಯಾರ ಕಡೆಗೂ ಕೈ ಚಾಚಲಿಲ್ಲ. ಒಡೆದ ದನಿ ಹಾಗೇ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು, ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಕೀಬೋರ್ಡಿನವನು ಒಂದೇ ಸ್ವರ ಹಿಡಿದು ಕಾದ. ಎಲೆ ಮುಂದೆ ಕೂತವರೂ ಕಾದರು. ನಾನು ಕಣ್ಣೊರೆಸಿಕೊಂಡು, ಒಂದು ಲೋಟ ನೀರು ಕುಡಿದು, ನಿಂತಿದ್ದ ಆ ಸಾಲಿನಿಂದಲೇ ಮತ್ತೆ ಹಾಡಿದೆ.